ಗುಲ್ಮಾರ್ಗ್‌ನಲ್ಲಿ 7 ದಿನದ ಸ್ಕೀ ಕೋರ್ಸ್: ಬಳ್ಳಾರಿಯಿಂದ ಹೋಗಿಬಂದವರ ರಿವ್ಯೂ

ಫೆಬ್ರವರಿಯಲ್ಲಿ ನಾವು ನಾಲ್ಕು ಜನ ಬಳ್ಳಾರಿಯಿಂದ ಗುಲ್ಮಾರ್ಗ್‌ಗೆ ಹೋಗಿ ಬಿಗಿನರ್ ಸ್ಕೀ ಕೋರ್ಸ್ ಮಾಡ್ಕೊಂಡು ಬಂದ್ವಿ, ಸ್ಕೀ ಅಂದ್ರೆ ಎರಡೂ ಕಾಲಿಗೆ ಉದ್ದನೆ ಹಲಗೆ ಹಾಕ್ಕೊಂಡು ಹಿಮದ ಮೇಲೆ ಜಾರೋದು. ನಾನು, ನಮ್ಮ ಜೀನ್ಸ್ ಯೂನಿಟ್ಟಿನ ಕಟಿಂಗ್ ಮಾಸ್ಟರ್, ನಮ್ಮಕ್ಕನ ಮಗ, ಅವನ ಜೊತೆ ಓದೋ ಸಂಡೂರಿನ ಹುಡುಗ. ಬಂದಾಗಿಂದ ಕೌಲ್ ಬಜಾರಲ್ಲಿ ಸಿಕ್ಕೋರೆಲ್ಲ ಕೇಳೋದು ಒಂದೇ, ಅಣ್ಣಾ ಹೆಂಗಿತ್ತು, ಅಷ್ಟು ದುಡ್ಡು ಕೊಟ್ಟು ಹೋಗಬಹುದಾ ಅಂತ. ಒಬ್ಬೊಬ್ಬರಿಗೂ ಅರ್ಧರ್ಧ ಹೇಳೋ ಬದಲು ಪೂರ್ತಿ ಇಲ್ಲೇ ಬರೀತಾ ಇದೀನಿ, ಉದ್ದ ಆಗುತ್ತೆ, ಟೈಮ್ ಇದ್ದಾಗ ಓದ್ರಿ. ಮೊದಲೇ ಹೇಳಿಬಿಡ್ತೀನಿ, ಕಲಿಸಿದ್ದಕ್ಕೆ 5ಕ್ಕೆ 5, ಬಾಡಿಗೆ ಸಾಮಾನಿಗೆ 5ಕ್ಕೆ 2, ರೂಮು ಊಟಕ್ಕೆ 4.

ಹೋಗೋದು ಹೆಂಗೆ ಅಂತ ಬೇಗ ಹೇಳ್ತೀನಿ. ಗುಂತಕಲ್ಲಿಗೆ ಹೋಗಿ ಅಲ್ಲಿಂದ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿ, ದೆಹಲಿಯಿಂದ ಶ್ರೀನಗರಕ್ಕೆ ಫ್ಲೈಟ್. ಶ್ರೀನಗರದಿಂದ ಗುಲ್ಮಾರ್ಗ್ ಸುಮಾರು 50 ಕಿಲೋಮೀಟರ್, ಆದ್ರೆ ಸ್ನೋ ಜಾಸ್ತಿ ಇದ್ರೆ ಟಂಗ್‌ಮರ್ಗ್‌ನಲ್ಲಿ ಇಳಿದು ಟಯರಿಗೆ ಚೈನ್ ಹಾಕಿರೋ ಗಾಡಿ ಹತ್ತಬೇಕು. ಫ್ಲೈಟ್ ಯಾವಾಗ ಬೇಕಾದ್ರೂ ಲೇಟಾಗುತ್ತೆ, ಅದಕ್ಕೆ ಹಿಂದೆ ಮುಂದೆ ಒಂದೊಂದು ದಿನ ಎಕ್ಸ್‌ಟ್ರಾ ಇಟ್ಕೊಳ್ರಿ.

ಈಗ ಸಾಮಾನು. ಕೋರ್ಸ್ ಫೀಸಲ್ಲಿ ಸ್ಕೀ, ಬೂಟು, ಕೋಲು, ಪ್ಯಾಂಟು ಎಲ್ಲ ಸೇರಿತ್ತು ಆದ್ರೆ ಅದನ್ನ ಕೊಡೋದು ಬೇರೆ ಅಂಗಡಿ, ಹೆಸರು ಬರೆಯಲ್ಲ. ಸ್ಕೀ ಬೂಟಿನ ಸೈಜು ನಮ್ಮ 7, 8 ನಂಬರ್ ಅಲ್ಲ, ಪಾದದ ಉದ್ದ ಸೆಂಟಿಮೀಟರಲ್ಲಿ. ನಂದು 26.5. ಇದು ನನಗೆ ತುಂಬಾ ಹಿಡಿಸ್ತು, ಟೇಪ್ ಹಿಡಿದು ಅಳೆದು ಕೊಡೋ ಪದ್ಧತಿ, ಅಂದಾಜು ಇಲ್ಲ. ಆದ್ರೆ ಆ ಅಂಗಡಿಯವನು ಬೂಟು ಅಳೆದನೇ ಹೊರತು ನನ್ನ ತೂಕ ಎಷ್ಟು ಅಂತ ಕೇಳಲೇ ಇಲ್ಲ. ಬೂಟನ್ನ ಸ್ಕೀಗೆ ಕಚ್ಚಿ ಹಿಡಿಯೋ ಬೈಂಡಿಂಗ್ ಅಂತ ಇರುತ್ತೆ, ಅದರ ಮೇಲೆ ಒಂದು ಸ್ಕ್ರೂ, ಪಕ್ಕದಲ್ಲಿ ಅಂಕಿಗಳು. ತೂಕ, ಎತ್ತರ, ವಯಸ್ಸು, ಎಷ್ಟು ಕಲ್ತಿದೀವಿ ಅನ್ನೋದೆಲ್ಲ ನೋಡಿ ಆ ಸ್ಕ್ರೂ ಟೈಟ್ ಮಾಡಬೇಕು, ಬಿದ್ದಾಗ ಕಾಲು ತಿರುಚಿದ್ರೆ ಬೂಟು ಪಟ್ ಅಂತ ಬಿಟ್ಕೋಬೇಕು, ಇಲ್ಲಾಂದ್ರೆ ಸ್ಕೀ ಜೊತೆ ಮೊಣಕಾಲೂ ತಿರುಗುತ್ತೆ. ನಂದು ಜಾಸ್ತಿ ಟೈಟ್ ಇತ್ತು. ಎರಡನೇ ದಿನ ಮಧ್ಯಾಹ್ನ ಬಿದ್ದೆ, ಬೂಟು ಬಿಡಲೇ ಇಲ್ಲ, ಮೊಣಕಾಲಿನ ಒಳಗಡೆ ಹಳೇ ಬಟ್ಟೆ ಹರಿದಂಗೆ ಒಂದು ನೋವು. ಪುಣ್ಯಕ್ಕೆ ಜಾಸ್ತಿ ಆಗಲಿಲ್ಲ, ಒಂದು ರಾತ್ರಿ ಬಿಸಿನೀರು ಕೊಟ್ಟು ಪಟ್ಟಿ ಕಟ್ಕೊಂಡೆ.

ನಮಗೆ ಕಲಿಸಿದವರು ಟಂಗ್‌ಮರ್ಗ್ ಕಡೆಯವರು, ಐವತ್ತು ದಾಟಿದ ವಯಸ್ಸು, ನಾವೆಲ್ಲ ಉಸ್ತಾದ್ ಅಂತಿದ್ವಿ. ಅವರು ಅವತ್ತೇ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ನಾಲ್ಕು ಜನದ್ದೂ ಸರಿ ಮಾಡಿದ್ರು, ಮಾಡ್ತಾ ಮಾಡ್ತಾನೇ ಹ್ಯಾಲ್ಮಾರ್ ವಾಮ್ ಅನ್ನೋ ನಾರ್ವೆಯವರ ಕಥೆ ಹೇಳಿದ್ರು. ಅಮೆರಿಕಾದ ಒರೆಗಾನ್‌ಗೆ ಹೋಗಿ ನೆಲೆಸಿದ್ದ ದೊಡ್ಡ ಸ್ಕೀಯರ್ ಅವರು, 1930ರ ದಶಕದಲ್ಲಿ ತಮ್ಮ ಕಾಲೇ ಮುರ್ಕೊಂಡು ಮಲಗಿದ್ದಾಗ, ಬಿದ್ದ ತಕ್ಷಣ ತಾನಾಗೇ ಬಿಟ್ಕೊಳ್ಳೋ ಬೈಂಡಿಂಗ್ ಹೆಂಗಿರಬೇಕು ಅಂತ ಯೋಚನೆ ಮಾಡಿ ಮಾಡಿ ತಯಾರು ಮಾಡಿದ್ರಂತೆ. ಮೊಣಕಾಲು ಹಿಡ್ಕೊಂಡು ಹಿಮದ ಮೇಲೆ ಕೂತು ಇದನ್ನ ಕೇಳಿದ ನನಗೆ ಆ ಮನುಷ್ಯನಿಗೆ ಕೈ ಮುಗೀಬೇಕು ಅನ್ನಿಸ್ತು. ನೀವು ಹೋದ್ರೆ ಸಾಮಾನು ತಗೊಳ್ಳುವಾಗಲೇ ತೂಕ ಹೇಳಿ ಸ್ಕ್ರೂ ಸೆಟ್ ಮಾಡಿಸ್ಕೊಳ್ರಿ, ಅವರು ಕೇಳದಿದ್ರೂ ನೀವೇ ಹೇಳ್ರಿ. ಈ ರಿವ್ಯೂನಲ್ಲಿ ಇದೊಂದು ಮಾತ್ರ ನೆನಪಿದ್ರೂ ಸಾಕು.

ಪ್ಯಾಂಟಿನ ಬಗ್ಗೆ ಹೇಳಲೇಬೇಕು, ನಂದು ಅದೇ ಕಸುಬಲ್ವಾ. ರಾತ್ರಿ ರೂಮಲ್ಲಿ ಬಾಡಿಗೆ ಪ್ಯಾಂಟ್ ಉಲ್ಟಾ ಮಾಡಿ ಬಲ್ಬಿನ ಕೆಳಗೆ ಹಿಡಿದು ನೋಡಿದ್ವಿ, ನಾನೂ ಮಾಸ್ಟರೂ. ಬಟ್ಟೆ ಒಳ್ಳೇದೇ, ನೀರು ಒಳಗೆ ಬಿಡಲ್ಲ. ಆದ್ರೆ ಹೊಲಿಗೆ ಅಂದ್ಮೇಲೆ ಸೂಜಿ ತೂತು ಇರಲೇಬೇಕು, ಆ ತೂತುಗಳ ಮೇಲೆ ಒಳಗಡೆಯಿಂದ ಬಿಸಿ ಕೊಟ್ಟು ಒಂದು ಪಟ್ಟಿ ಅಂಟಿಸಿರ್ತಾರೆ, ಸೀಮ್ ಟೇಪು. ನಮ್ಮ ಪ್ಯಾಂಟಲ್ಲಿ ಮೊಣಕಾಲ ಹತ್ರ ಆ ಟೇಪು ಒಣಗಿದ ಈರುಳ್ಳಿ ಸಿಪ್ಪೆ ಥರ ಎದ್ದು ಬಂದಿತ್ತು, ಹೊಲಿಗೆ ಸಾಲಿನ ಉದ್ದಕ್ಕೂ ಬೆಳಕಿನ ಚುಕ್ಕಿಗಳು ಕಾಣ್ತಿದ್ವು. ಬಿಗಿನರ್ ಅಂದ್ರೆ ದಿನಕ್ಕೆ ಐವತ್ತು ಸಲ ಮೊಣಕಾಲ ಮೇಲೆ ಬೀಳೋನು, ಅಲ್ಲೇ ನೀರು ಒಳಗೆ ಬಂದ್ರೆ ಏನು ಬಂತು. ನಮ್ಮ ಜೀನ್ಸಲ್ಲಿ ಒಳಸೀಮಿಗೆ ಡಬಲ್ ಚೈನ್ ಹೊಲಿಗೆ ಹಾಕಿ, ಬಿಚ್ಚದಂಗೆ ತುದಿಗೆ ಬಾರ್ಟ್ಯಾಕ್ ಅನ್ನೋ ಗಟ್ಟಿ ಹೊಲಿಗೆ ಹೊಡೆದ್ರೆ ಮುಗೀತು, ಇಲ್ಲಿ ಹೊಲಿಗೆ ಮುಗಿದ ಮೇಲೂ ಅರ್ಧ ಕೆಲಸ ಬಾಕಿ ಇರುತ್ತೆ ಅಂತ ಗೊತ್ತಾಯ್ತು. ಕಾಲಿನ ತುದಿಯಲ್ಲಿ ಒಳಗೊಂದು ಎಲಾಸ್ಟಿಕ್ ಬಟ್ಟೆ, ಅದನ್ನ ಬೂಟಿನ ಮೇಲೆ ಎಳೆದು ಹಾಕಿದ್ರೆ ಹಿಮ ಒಳಗೆ ನುಗ್ಗಲ್ಲ, ಬಹಳ ಬುದ್ಧಿವಂತ ಕೆಲಸ ಅದು. ಇನ್ನೊಂದು ಮಾತು, ಜೀನ್ಸ್ ಹಾಕ್ಕೊಂಡು ಸ್ಕೀ ಮಾಡೋಕೆ ಹೋಗಬೇಡ್ರಿ. ಜೀನ್ಸ್ ಹೊಲಿದೇ ಅನ್ನ ತಿನ್ನೋನು ಹೇಳ್ತಾ ಇದೀನಿ, ಡೆನಿಮ್ ಹತ್ತಿ, ನೀರು ಕುಡಿಯುತ್ತೆ, ಆ ಚಳಿಯಲ್ಲಿ ಒದ್ದೆ ಡೆನಿಮ್ ಮೈಗೆ ಹತ್ಕೊಂಡಿದ್ರೆ ಕಾಲು ಮರಗಟ್ಟುತ್ತೆ.

ಇನ್ನ ಕಲಿಸಿದ್ದು. ನಾನು ಇಷ್ಟು ಉದ್ದ ಬರೀತಾ ಇರೋದೇ ಇದಕ್ಕೆ. ಉಸ್ತಾದ್ ಪಾಠ ಮಾಡೋದು ಸ್ಕೀ ಕಲೆ ಹೆಂಗೆ ಹುಟ್ಟಿ ಹೆಂಗೆ ಬೆಳೀತೋ ಆ ಕಥೆ ಸೇರಿಸ್ಕೊಂಡೇ. ಮೊದಲ ಎರಡು ದಿನ ಸ್ನೋಪ್ಲೌ ಬಿಟ್ಟು ಬೇರೆ ಏನೂ ಇಲ್ಲ. ಮುಂದಿನ ತುದಿ ಎರಡೂ ಹತ್ರ, ಹಿಂದಿನ ತುದಿ ದೂರ, ಕಾಲು ಅಗಲ ಮಾಡಿ ಒಳಗಡೆ ಅಂಚು ಒತ್ತಿದ್ರೆ ಸ್ಪೀಡು ಇಳಿಯುತ್ತೆ. ಚಿಕ್ಕವರಿದ್ದಾಗ ಬಳ್ಳಾರಿ ಗುಡ್ಡದ ಕಡೆ ಜಾರುಬಂಡೆ ಮೇಲೆ ಗೋಣಿಚೀಲ ಹಾಕ್ಕೊಂಡು ಜಾರಿದವರಿಗೆ ಗೊತ್ತಿರುತ್ತೆ, ಜಾರೋದು ಕಷ್ಟ ಅಲ್ಲ, ನಿಲ್ಲೋದು ಕಷ್ಟ. ನಿಲ್ಲೋದನ್ನ ಮೊದಲು ಕಲಿಸಬೇಕು ಅಂತ ಹಟ ಹಿಡಿದವರು ಮತಿಯಾಸ್ ಜ್ದಾರ್ಸ್ಕಿ, ಆಸ್ಟ್ರಿಯಾದ ಲಿಲಿಯನ್‌ಫೆಲ್ಡ್‌ನಲ್ಲಿದ್ದವರು. ನಾರ್ವೆಯ ಸಾಹಸಿ ನಾನ್ಸೆನ್ 1888ರಲ್ಲಿ ಗ್ರೀನ್‌ಲ್ಯಾಂಡನ್ನ ಸ್ಕೀ ಮೇಲೆ ದಾಟಿದ್ದನ್ನ ಓದಿ ನಾರ್ವೆಯಿಂದ ಸ್ಕೀ ತರಿಸ್ಕೊಂಡ್ರಂತೆ, ಆದ್ರೆ ಅವು ಉದ್ದುದ್ದ, ಆಲ್ಪ್ಸ್‌ನ ಕಡಿದಾದ ಇಳಿಜಾರಿಗೆ ಆಗಿಬರಲಿಲ್ಲ. ಅದಕ್ಕೆ ಸ್ಕೀ ಗಿಡ್ಡ ಮಾಡಿದ್ರು, ಕಾಲು ಅತ್ತಿತ್ತ ಅಲುಗದಂಗೆ ಲೋಹದ ಬೈಂಡಿಂಗ್ ಮಾಡಿದ್ರು, ಕೈಯಲ್ಲಿ ಒಂದೇ ಒಂದು ಉದ್ದ ಕೋಲು. 1905ರಲ್ಲಿ ಮುಕೆನ್‌ಕೋಗೆಲ್ ಬೆಟ್ಟದಲ್ಲಿ ಬಾವುಟ ನೆಟ್ಟು ಅವುಗಳ ನಡುವೆ ತಿರುಗ್ತಾ ಇಳಿಯೋ ರೇಸ್ ಇಟ್ಟರು. ಮುಂದೆ 1916ರಲ್ಲಿ ಮೊದಲ ಮಹಾಯುದ್ಧದ ಟೈಮಲ್ಲಿ ಹಿಮಕುಸಿತದ ಕೆಳಗೆ ಸಿಕ್ಕಿ ಮೈಯಲ್ಲಿ ಸುಮಾರು 80 ಕಡೆ ಮೂಳೆ ಮುರಿದು, ಕೀಲು ತಪ್ಪಿ, ಆಮೇಲೂ ಎದ್ದು ಸ್ಕೀ ಮಾಡಿದ್ರು. ಮೂರನೇ ದಿನ ಬೆಳಿಗ್ಗೆ ಮೈ ಕೈ ನೋವು ಅಂತ ರಜಾಯಿ ಒಳಗೇ ಮಲಗಿದ್ದ ನಮ್ಮಕ್ಕನ ಮಗ ಈ ಕಥೆ ಕೇಳಿದ್ಮೇಲೆ ಎದ್ದು ಬೂಟು ಹಾಕ್ಕೊಂಡ.

ಮೂರನೇ ದಿನ ಉಸ್ತಾದ್ ಒಂದು ಸ್ಕೀ ತಗೊಂಡು ಮಾಸ್ಟರ್ ಕೈಗೆ ಕೊಟ್ಟು, ಇದರ ಅಂಚು ನೋಡಿ ಏನು ಕಾಣುತ್ತೆ ಹೇಳು ಅಂದ್ರು. ಮಾಸ್ಟರ್ ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿದ್ರು, ಹೆಬ್ಬೆರಳು ಅಂಚಿನ ಮೇಲೆ ನಿಧಾನ ಎಳ್ಕೊಂಡು ಹೋದ್ರು, ಹಿಪ್ ಕರ್ವ್ ಅಂದ್ರು. ಕರೆಕ್ಟು! ಪ್ಯಾಟರ್ನ್ ಕಟ್ ಮಾಡೋರ ಹತ್ರ ಒಂದು ಬಾಗಿದ ಸ್ಕೇಲ್ ಇರುತ್ತೆ, ಸೊಂಟದಿಂದ ತೊಡೆಗೆ ಇಳಿಯೋ ಗೆರೆ ಹಾಕೋಕೆ, ಅದೇ ಬಾಗು ಸ್ಕೀ ಅಂಚಲ್ಲಿ ಐತೆ. ಮುಂದೆ ಅಗಲ, ನಡುವಲ್ಲಿ ಒಳಗೆ ತಗೊಂಡಿರುತ್ತೆ, ಹಿಂದೆ ಮತ್ತೆ ಅಗಲ. ಸ್ಕೀ ವಾಲಿಸಿ ಭಾರ ಹಾಕಿದ್ರೆ ನಡು ಕೆಳಗೆ ಬಗ್ಗಿ ಇಡೀ ಅಂಚು ಹಿಮಕ್ಕೆ ಕೂರುತ್ತೆ, ಆಗ ಅದು ನೇರ ಹೋಗೋಕೆ ಆಗಲ್ಲ, ತಾನೇ ಕಮಾನಿನಂಗೆ ತಿರುಗುತ್ತೆ. ನಾವು ತಿರುಗಿಸಬೇಕಾಗಿಲ್ಲ, ವಾಲಿಸಿದ್ರೆ ಸಾಕು. ಈ ನಡು ಹಿಡಿದ ಸ್ಕೀಗೆ ಹೆಸರಾದವರು ಸೋಂಡ್ರೆ ನೋರ್‌ಹೈಮ್, 1825ರಲ್ಲಿ ನಾರ್ವೆಯ ಟೆಲೆಮಾರ್ಕ್ ಸೀಮೆಯ ಮೊರ್ಗೆದಾಲ್‌ನಲ್ಲಿ ಹುಟ್ಟಿದ ಬಡವರು. ಅದಕ್ಕೂ ಮುಂಚೆ ಸ್ಕೀಗೆ ಬೆರಳ ಹತ್ರ ಮಾತ್ರ ಒಂದು ಪಟ್ಟಿ, ಹಾರಿದ್ರೆ ಕಾಲಿಂದ ಬಿದ್ದು ಹೋಗೋದು. ಅವರು ಗಿಡದ ಬೇರು ಹೊಸೆದು ಹಿಮ್ಮಡಿ ಸುತ್ತ ಕಟ್ಟಿದ್ರು. 1868ರಲ್ಲಿ ಈಗಿನ ಓಸ್ಲೋದಲ್ಲಿ ನಡೆದ ಸ್ಪರ್ಧೆಯಲ್ಲಿ ಪೇಟೆ ಜನರೆಲ್ಲ ಬಾಯಿ ಬಿಟ್ಕೊಂಡು ನೋಡೋ ಹಂಗೆ ತಿರುಗಿಸಿ ನಿಲ್ಲಿಸಿ ತೋರಿಸಿದ್ರು. ವಯಸ್ಸಾದ ಮೇಲೆ ಅಮೆರಿಕಾಕ್ಕೆ ಹೋಗಿ ನಾರ್ತ್ ಡಕೋಟದಲ್ಲಿ 1897ರಲ್ಲಿ ತೀರ್ಕೊಂಡ್ರು. ಒಬ್ಬ ಬಡ ಕುಶಲಕರ್ಮಿ ಮರ ಕೆತ್ತುವಾಗ ಕಂಡ್ಕೊಂಡ ಬಾಗು ಇವತ್ತು ಬಳ್ಳಾರಿ ಕಟಿಂಗ್ ಮಾಸ್ಟರ್ ಹೆಬ್ಬೆರಳಿಗೆ ಸಿಕ್ತಲ್ಲ, ಅದನ್ನ ನೋಡಿ ನನಗೆ ಆದ ಖುಷಿ ಹೇಳೋಕೆ ಬರಲ್ಲ.

ನಾಲ್ಕನೇ ದಿನದಿಂದ ತಿರುವು. ಸ್ನೋಪ್ಲೌನಲ್ಲಿ ಹೋಗ್ತಾ ಒಂದು ಕಾಲಿಗೆ ಭಾರ ಹಾಕಿ ತಿರುಗಿ, ತಿರುಗಿದ ಮೇಲೆ ಎರಡೂ ಸ್ಕೀ ಜೋಡಿಸೋದು. ಬಿಗಿನರನ್ನ ಹಂತ ಹಂತವಾಗಿ ಹಿಂಗೆ ಮೇಲಕ್ಕೆ ಕರ್ಕೊಂಡು ಹೋಗೋ ಪಾಠಕ್ರಮ ಕಟ್ಟಿದವರು ಹಾನೆಸ್ ಷ್ನೈಡರ್, ಆಸ್ಟ್ರಿಯಾದ ಆರ್ಲ್‌ಬರ್ಗ್ ಬೆಟ್ಟಸಾಲಿನವರು, ಸೇಂಟ್ ಆಂಟನ್ ಊರಲ್ಲಿ ಅವರ ಸ್ಕೂಲು. ಪ್ರಪಂಚದ ಮೂಲೆ ಮೂಲೆಗೆ ಅವರ ಪದ್ಧತಿ ಹೋಯ್ತು, 1930ರಲ್ಲಿ ಜಪಾನಿಗೂ ಹೋಗಿ ಕಲಿಸಿದ್ರು. 1938ರಲ್ಲಿ ನಾಜಿಗಳು ಆಸ್ಟ್ರಿಯಾ ಹಿಡಿದಾಗ ಅವರನ್ನ ಜೈಲಿಗೆ ಹಾಕಿದ್ರು, ಮರುವರ್ಷ ಅಮೆರಿಕಾಕ್ಕೆ ಹೋದ್ರು. ಅದೇ ಸೇಂಟ್ ಆಂಟನ್ ಊರಿನ ರುಡಾಲ್ಫ್ ಮ್ಯಾಟ್, ಕೋಲುಗಳ ನಡುವೆ ತಿರುಗ್ತಾ ಇಳಿಯೋ ಸ್ಲಾಲಮ್ ರೇಸಿನ 1936ರ ವಿಶ್ವ ಚಾಂಪಿಯನ್, ಅವರನ್ನ 1960ರ ದಶಕದಲ್ಲಿ ಭಾರತ ಸರ್ಕಾರ ಕರೆಸಿತ್ತು, ನಮ್ಮ ದೇಶದಲ್ಲಿ ಸ್ಕೀಗೆ ಎಲ್ಲಿ ಜಾಗ ಸರಿ ಅಂತ ನೋಡೋಕೆ. ಅವರು ಸುತ್ತಾಡಿ ಆರಿಸಿದ್ದು ಗುಲ್ಮಾರ್ಗ್. ಆಮೇಲೆ 1968ರಲ್ಲಿ ಸ್ಕೀಯಿಂಗ್ ಮತ್ತು ಪರ್ವತಾರೋಹಣದ ಸರ್ಕಾರಿ ಸಂಸ್ಥೆ ಅಲ್ಲೇ ಶುರುವಾಯ್ತು. ಉಸ್ತಾದ್ ಇದನ್ನ ಹೇಳಿ ನಮ್ಮ ಕಾಲು ತೋರಿಸಿ, ನೀವು ಹಾಕ್ತಿರೋ ತಿರುವು ಅಲ್ಲಿಂದ ಬಂದಿದ್ದು ಅಂದ್ರು.

ಆದ್ರೆ ನನ್ನ ಮನಸ್ಸಲ್ಲಿ ಗಟ್ಟಿಯಾಗಿ ಕೂತಿದ್ದು ಐದನೇ ರಾತ್ರಿ ಬುಖಾರಿ ಒಲೆ ಮುಂದೆ ಕೇಳಿದ್ದು. ಗುಲ್ಮಾರ್ಗ್‌ನಲ್ಲಿ ಸ್ಕೀ ಶುರು ಮಾಡಿದವರು ಬ್ರಿಟಿಷ್ ಆರ್ಮಿ ಆಫೀಸರ್‌ಗಳು, 1927ರಲ್ಲಿ ಸ್ಕೀ ಕ್ಲಬ್ ಆಫ್ ಇಂಡಿಯಾ ಅಂತ ಮಾಡ್ಕೊಂಡಿದ್ರು, ಮೇಜರ್ ಹ್ಯಾಡೋ ಅನ್ನೋರ ಹೆಸರು ಅಲ್ಲಿಯವರು ಈಗಲೂ ಹೇಳ್ತಾರೆ. ಕ್ರಿಸ್‌ಮಸ್‌ಗೊಂದು ಈಸ್ಟರ್‌ಗೊಂದು ಕೂಟ, ಸಾಹೇಬರದ್ದೇ ಆಟ. ಸ್ವಾತಂತ್ರ್ಯ ಬಂತು, ಅವರು ಹೋದ್ರು. ಮುಂದೆ ಯಾರು ಅಂತ ನಾನು ಕೇಳಿದೆ. ಉಸ್ತಾದ್ ನನ್ನನ್ನೇ ನೋಡಿ, ನೀವು ಕರ್ನಾಟಕದವರಲ್ವಾ, ನಿಮ್ಮವರೇ, ಜನರಲ್ ತಿಮ್ಮಯ್ಯ ಅಂದ್ರು. ನಾನು ಒಂದು ನಿಮಿಷ ಸುಮ್ಮನಾಗಿಬಿಟ್ಟೆ. ಮಡಿಕೇರಿಯಲ್ಲಿ 1906ರಲ್ಲಿ ಹುಟ್ಟಿದ ಕೆ. ಎಸ್. ತಿಮ್ಮಯ್ಯ, 1948ರಲ್ಲಿ ಕಾಶ್ಮೀರದಲ್ಲಿ 19ನೇ ಡಿವಿಷನ್ನಿನ ಕಮಾಂಡರ್. ಆ ವರ್ಷ ನವೆಂಬರ್ 1ಕ್ಕೆ 11,000 ಅಡಿ ಮೇಲಿರೋ ಜೋಜಿಲಾ ಕಣಿವೆಗೆ ಟ್ಯಾಂಕ್ ಹತ್ತಿಸಿ ಶತ್ರುಗಳನ್ನ ಓಡಿಸಿದ್ರು, ಅಷ್ಟು ಎತ್ತರಕ್ಕೆ ಟ್ಯಾಂಕ್ ಬರುತ್ತೆ ಅಂತ ಯಾರೂ ಅಂದ್ಕೊಂಡಿರಲಿಲ್ಲ. ಇಷ್ಟು ನನಗೂ ಗೊತ್ತಿತ್ತು. ಅದಾಗಿ ಮರುತಿಂಗಳು ಡಿಸೆಂಬರಲ್ಲಿ ಅವರು ಗುಲ್ಮಾರ್ಗ್‌ನಲ್ಲಿ ತಮ್ಮ ಡಿವಿಷನ್ನಿಗೆ ಸ್ಕೀ ಸ್ಕೂಲ್ ತೆಗೆದ್ರು ಅನ್ನೋದು ಮಾತ್ರ ಗೊತ್ತೇ ಇರಲಿಲ್ಲ. ಹಿಮದಲ್ಲಿ ನಿಂತು ಗಡಿ ಕಾಯಬೇಕಾದ್ರೆ ಜವಾನನಿಗೆ ಹಿಮದ ಮೇಲೆ ನಡೆಯೋಕೆ ಬರಬೇಕು, ಅದಕ್ಕೆ ಸ್ಕೂಲು. 1950ರಲ್ಲಿ ಅದು ದೊಡ್ಡದಾಯ್ತು, 1962ರಲ್ಲಿ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ ಅಂತ ಹೆಸರಾಯ್ತು, ಇವತ್ತಿಗೂ ಅಲ್ಲೇ ಐತೆ, ಬೇರೆ ದೇಶದ ಸೈನಿಕರೂ ಬಂದು ಕಲೀತಾರೆ. ಕೊಡಗಿನ ಮನುಷ್ಯ ರೀ! ಚಳಿಗಾಲದಲ್ಲಿ ಮಂಜು ಬೀಳುತ್ತೆ ಅಷ್ಟೇ, ಹಿಮ ಬೀಳದ ಊರಿಂದ ಹೋಗಿ ಹಿಮದ ಪಾಠಶಾಲೆ ಕಟ್ಟಿದ್ರು. ಅವರ ಹೆಸರಿಗೆ ನಮ್ಮ ಊರುಗಳಲ್ಲಿ ಸರ್ಕಲ್ ರಸ್ತೆ ಇರಬಹುದು, ಆದ್ರೆ ಈ ಸಂಗತಿ ನಮ್ಮ ಮಕ್ಕಳ ಪಾಠದಲ್ಲಿ ನಾನು ಎಲ್ಲೂ ಓದಿಲ್ಲ, ಓದಿಸಬೇಕಿತ್ತು ಅನ್ನೋ ಸಂಕಟ ನನಗೆ ಅವತ್ತಿಂದ ಐತೆ.

ಅದೇ ಕೊಡಗಿಂದ ಈಗ ಭವಾನಿ ತೆಕ್ಕಡ ನಂಜುಂಡ ಅಂತ ಹೆಣ್ಮಗಳು ಕ್ರಾಸ್ ಕಂಟ್ರಿ ಸ್ಕೀನಲ್ಲಿ, ಅಂದ್ರೆ ಹಿಮದ ಮೇಲೆ ದೂರ ದೂರ ಹೋಗೋ ರೇಸಲ್ಲಿ, ದೇಶಕ್ಕೆ ಆಡ್ತಾ ಇದಾರೆ, 2023ರಲ್ಲಿ ಸ್ಲೊವೇನಿಯಾದ ವಿಶ್ವ ಚಾಂಪಿಯನ್‌ಶಿಪ್‌ಗೆ ಹೋಗಿದ್ರು, 2024ರಲ್ಲಿ ಚಿಲಿ ದೇಶದಲ್ಲಿ 5 ಕಿಲೋಮೀಟರ್ ರೇಸಲ್ಲಿ ಕಂಚು ತಂದ್ರು. ಗುಲ್ಮಾರ್ಗ್ ಕಡೆಯ ಹುಡುಗ ಆರಿಫ್ ಖಾನ್ 2022ರ ಬೀಜಿಂಗ್ ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ಒಬ್ಬನೇ ಆಟಗಾರ, ಜೈಂಟ್ ಸ್ಲಾಲಮ್‌ನಲ್ಲಿ 45ನೇ ಸ್ಥಾನ. ಅದಕ್ಕೂ ಮುಂಚೆ 1988ರ ಕ್ಯಾಲ್ಗರಿಗೆ ಗುಲ್ ಮುಸ್ತಫಾ ದೇವ್ ಹೋಗಿದ್ರು, ಅದೇ ವರ್ಷ ಶೈಲಜಾ ಕುಮಾರ್ ಚಳಿಗಾಲದ ಒಲಿಂಪಿಕ್ಸ್‌ಗೆ ಹೋದ ಭಾರತದ ಮೊದಲ ಹೆಣ್ಮಗಳು. ಆರಿಫ್ ಹೆಸರು ಬಂದ್ರೆ ಸಾಕು, ಉಸ್ತಾದ್ ಮುಖ ಅರಳೋದು.

ಆರನೇ ದಿನ ಬಿದಿರು ಕೋಲು ನೆಟ್ಟು ಅದರ ನಡುವೆ ಹಾವಿನಂಗೆ ಇಳಿಸಿದ್ರು, ಅದೇ ಸ್ಲಾಲಮ್. ಸಂಡೂರಿನ ಹುಡುಗ ಎಲ್ಲರಿಗಿಂತ ಚೆನ್ನಾಗಿ ಮಾಡಿದ. ಸ್ಟೈಲಿಗೆ ಮಾರ್ಕ್ಸ್ ಬೇಡ, ಕೋಲು ತಪ್ಪದಂಗೆ ಯಾರು ಬೇಗ ಇಳೀತಾರೋ ಅವರೇ ಗೆದ್ದಂಗೆ ಅನ್ನೋ ಈಗಿನ ನಿಯಮ ತಂದವರು ಆರ್ನಾಲ್ಡ್ ಲನ್ ಅನ್ನೋ ಇಂಗ್ಲಿಷರು, 1922ರಲ್ಲಿ ಸ್ವಿಟ್ಜರ್‌ಲೆಂಡಿನ ಮ್ಯೂರೆನ್‌ನಲ್ಲಿ. 1928ರಲ್ಲಿ ಷ್ನೈಡರ್ ಜೊತೆ ಸೇರಿ ಆರ್ಲ್‌ಬರ್ಗ್-ಕಂದಹಾರ್ ರೇಸ್ ಶುರು ಮಾಡಿದ್ರು, 1936ರಲ್ಲಿ ಇಳಿಜಾರಿನ ಸ್ಕೀ ಒಲಿಂಪಿಕ್ಸಿಗೆ ಸೇರಿತು. ಬೆಟ್ಟ ಹತ್ತುವಾಗ ಬಿದ್ದು ಒಂದು ಕಾಲು ಗಿಡ್ಡ ಆಗಿದ್ದ ಮನುಷ್ಯ ಇಷ್ಟೆಲ್ಲ ಮಾಡಿದ್ದು. ರಾತ್ರಿ ಫೋನಲ್ಲಿ ಅವರ ಬಗ್ಗೆ ಓದ್ತಾ ಇದ್ದೆ, ಹುಟ್ಟಿದ್ದು 1888, ಊರು ಮದ್ರಾಸ್! ಅಪ್ಪ ಅಲ್ಲಿ ಮಿಷನರಿ ಆಗಿದ್ರಂತೆ. ಆಗ ನಮ್ಮ ಬಳ್ಳಾರಿ ಮದ್ರಾಸ್ ಪ್ರೆಸಿಡೆನ್ಸಿಯಲ್ಲೇ ಇತ್ತು, ನಾವು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ ತಾನೇ. ಮಾಸ್ಟರನ್ನ ಎಬ್ಬಿಸಿ ಹೇಳಿದೆ, ಅವರು ರಜಾಯಿ ಒಳಗಿಂದಲೇ ಹಾಂ ನಮ್ಮ ಪ್ರೆಸಿಡೆನ್ಸಿಯೋನೇ ಬಿಡು ಅಂದು ಮಲಗಿದ್ರು.

ಮಾಸ್ಟರ್ ಬಗ್ಗೆ ಒಂದು ಮಾತು. ಅವರದು ಬಳ್ಳಾರಿ ದಖನಿ, ಉಸ್ತಾದರದು ಕಾಶ್ಮೀರಿ ಬೆರೆತ ಉರ್ದು. ಮೊದಲ ದಿನ ಇವರು ನಕ್ಕೋ ನಕ್ಕೋ, ಅಂದ್ರೆ ಬೇಡ ಬೇಡ, ಅಂದಾಗ ಅವರಿಗೆ ಅರ್ಥ ಆಗಲಿಲ್ಲ, ಕೊನೆ ದಿನಕ್ಕೆ ಉಸ್ತಾದರೇ ನಮಗೆ, ಮುಂದಕ್ಕೆ ಬಗ್ಗದೆ ಹಿಂದೆ ವಾಲಿದ್ರೆ, ನಕ್ಕೋ ಅಂತ ಕೂಗೋರು.

ರೂಮು ಊಟ ಚೆನ್ನಾಗಿತ್ತು. ರಜಾಯಿ ದಪ್ಪ, ಬುಖಾರಿಗೆ ಸೌದೆ ಕಡಿಮೆ ಮಾಡ್ಲಿಲ್ಲ, ಕೂತಲ್ಲಿಗೆ ಕೆಂಡದ ಕಾಂಗ್ಡಿ ತಂದು ಕೊಡೋರು. ಉಪ್ಪು ಹಾಕಿದ ಗುಲಾಬಿ ಬಣ್ಣದ ನೂನ್ ಚಾಯ್ ಮೊದಲು ಸೇರಲ್ಲ, ಮೂರನೇ ದಿನ ಸೇರುತ್ತೆ. ಅನ್ನ ಧಾರಾಳ, ಖಾರ ನಮಗೆ ಸಾಲಲ್ಲ, ಮನೆಯಿಂದ ಶೇಂಗಾ ಚಟ್ನಿಪುಡಿ ಒಯ್ದಿದ್ವಿ, ಅಡುಗೆಯವರೂ ಕೇಳಿ ಹಾಕಿಸ್ಕೊಂಡ್ರು. ಬೆಳಿಗ್ಗೆ ಬಿಸಿನೀರು ಒಂದೊಂದು ದಿನ ಲೇಟು, ಅದಕ್ಕೆ ಒಂದು ಮಾರ್ಕ್ ಕಟ್.

ಖರ್ಚು ನಮಗೆ ಪ್ರಯಾಣ ಬಿಟ್ಟು ಒಬ್ಬರಿಗೆ 38 ಸಾವಿರ ಬಿತ್ತು, ಕೋರ್ಸು ರೂಮು ಊಟ ಸಾಮಾನು ಸೇರಿ. ಬೆಟ್ಟಕ್ಕೆ ಹೋಗೋ ಕೇಬಲ್ ಕಾರು, ಗೊಂಡೊಲಾ ಅಂತಾರೆ, ಅದರ ಟಿಕೆಟ್ ಬೇರೆ. ಎರಡನೇ ಹಂತದ ಗೊಂಡೊಲಾ ಅಫರ್ವಾತ್ ಬೆಟ್ಟದ ಹೆಗಲಿಗೆ, 3,900 ಮೀಟರ್ ಮೇಲಕ್ಕೆ ಹೋಗುತ್ತೆ, ನೋಡೋಕೆ ಹೋಗ್ರಿ, ಆದ್ರೆ 7 ದಿನ ಕಲ್ತವರು ಅಲ್ಲಿಂದ ಸ್ಕೀ ಮೇಲೆ ಇಳಿಯೋ ಆಸೆ ಇಟ್ಕೋಬೇಡ್ರಿ, ಹಿಮಕುಸಿತ ಆಗೋ ಜಾಗ ಅದು. ಒಂದು ದಿನಕ್ಕೆ ಹೋಗಿ ಸ್ಲೆಡ್ಜ್ ಮೇಲೆ ಕೂತು ಫೋಟೋ ತಗೊಂಡು ಬರೋದಾದ್ರೆ ನಾನು ಬೇಡ ಅನ್ನಲ್ಲ, ಆದ್ರೆ ಸ್ಕೀ ಕಲೀಬೇಕು ಅಂದ್ರೆ 5 ದಿನಕ್ಕಿಂತ ಕಡಿಮೆ ಮಾಡಬೇಡ್ರಿ, ನಾಲ್ಕನೇ ದಿನಕ್ಕೆ ಕಾಲು ಮಾತು ಕೇಳೋಕೆ ಶುರು ಮಾಡೋದು.

ಕೊನೆ ದಿನ ನಮ್ಮ ಬ್ಯಾಗಲ್ಲಿದ್ದ ಸೂಜಿ ದಾರ ತೆಗೆದು ಮಾಸ್ಟರೂ ನಾನೂ ಉಸ್ತಾದರ ಸ್ವಂತ ಪ್ಯಾಂಟಿನ ಮೊಣಕಾಲು ಬಿಚ್ಚಿ ಮತ್ತೆ ಹೊಲಿದು ಕೊಟ್ವಿ, ಒಳಗಿಂದ ಒಂದು ತುಂಡು ಡಬಲ್ ಹಾಕಿ. ಟೇಪ್ ಅಂಟಿಸೋ ಮಷೀನ್ ಇರಲಿಲ್ಲ, ಅದಕ್ಕೆ ಮೇಲೆ ಮೇಣ ತಿಕ್ಕಿದ್ವಿ. ಅಳತೆ ಬರ್ಕೊಂಡು ಬಂದಿದೀನಿ, ಬರೋ ಫೆಬ್ರವರಿಗೆ ಅವರಿಗೆ ಹೊಸ ಪ್ಯಾಂಟು ನಮ್ಮ ಯೂನಿಟ್ಟಲ್ಲೇ ಹೊಲಿದು ಒಯ್ಯೋದು ಅಂತ ಮಾಡೀವಿ, ನೀರು ಬಿಡದ ಬಟ್ಟೆ ಎಲ್ಲಿ ಸಿಗುತ್ತೆ ಅಂತ ವಿಚಾರಿಸ್ತಾ ಇದೀನಿ. ಗಾಡಿಯಲ್ಲಿ ಇನ್ನ ಇಬ್ಬರಿಗೆ ಜಾಗ ಐತೆ, ಬರೋರು ದಸರಾ ಒಳಗೆ ಹೇಳ್ರಿ, ಟ್ರೈನ್ ಟಿಕೆಟ್ ಆಮೇಲೆ ಸಿಗಲ್ಲ.